ಸಂಕವ್ವನ ಬದಲಿಗೆ ಒಂದು ಡಬ್ಬಿ

ನಮ್ಮೂರಿನಲ್ಲಿ ಮಾತು ಎಲ್ಲ ಊರುಗಳಂತೆಯೇ ಕೇಳುತ್ತದೆ; ಕೂಗು ಮಾತ್ರ ಕೂಗಿದ ಕಡೆ ಕೇಳುವುದಿಲ್ಲ. ದನಿ ಒಂದು ಮಟ್ಟ ದಾಟಿತೆಂದರೆ, ಗಾಳಿ ಯಾವ ಕಡೆಯದೋ ಅದಕ್ಕೆ ತಕ್ಕಂತೆ, ಊರಿನ ಇನ್ನೊಂದು ಮೂಲೆಗೆ ಹೋಗಿ ಇಳಿಯುತ್ತದೆ. ಪಡುಗಾಳಿ ಇದ್ದಾಗ ನಮ್ಮ ಓಣಿಯಲ್ಲಿ ಕೂಗಿದ್ದು ಬ್ಯಾಂಕಿನಲ್ಲಿ ಕೇಳುತ್ತದೆ. ಮೂಡಗಾಳಿಗೆ ಅದೇ ಕೂಗು ಕುಂಬಾರ ಓಣಿ ಸೇರುತ್ತದೆ. ಹೀಗಾಗಿ ನಮ್ಮಲ್ಲಿ ಗಂಡ ಹೆಂಡಿರು ಜಗಳವನ್ನು ಪಿಸುದನಿಯಲ್ಲೇ ಆಡಿ ಮುಗಿಸುತ್ತಾರೆ. ತಡೆಯಲಾರದೆ ದನಿ ಏರಿಸಿದವರು ಮರುದಿನ ಬ್ಯಾಂಕಿಗೆ ಹೋದರೆ ಕ್ಯಾಶಿಯರು ಪಾಸ್‌ಬುಕ್ಕಿನಿಂದ ತಲೆ ಎತ್ತದೆ "ಈಗ ಸಮಾಧಾನ ಆತೇನ್ರಿ" ಎಂದು ಕೇಳುತ್ತಾನೆ. ಮಕ್ಕಳನ್ನು ಊಟಕ್ಕೆ ಕರೆಯಬೇಕಾದ ತಾಯಂದಿರು ಸೆರಗನ್ನು ಗಾಳಿಗೆ ಹಿಡಿದು ನೋಡಿ, ಆಮೇಲೆ ಗಿರಣಿಯ ಮುಂದೋ ಸುಂಕದಕಟ್ಟೆಯ ಹಿಂದೋ ಹೋಗಿ ನಿಂತು ಕೂಗುತ್ತಾರೆ. ಮದುವೆಯ ವಾಲಗ ಊದುವುದು ಮದುವೆ ಮನೆಯ ಮುಂದೆಯೇ ಆದರೂ ಕೇಳುವುದು ಬೇರೆ ಓಣಿಗೆ. ವಾಲಗ ಕೇಳಿದವರನ್ನು ಊಟಕ್ಕೆ ಕರೆಯದಿದ್ದರೆ ಮರ್ಯಾದೆಯಲ್ಲವೆಂದು ಆ ಇಡೀ ಓಣಿಗೆ ಎಲೆ ಹಾಕುವುದು ರೂಢಿ. ಮದುವೆಯ ದಿನ ಗಾಳಿ ತಿರುಗಿದರೆ ಅಡಿಗೆಯವರ ಮುಖ ನೋಡುವಂತಿರುತ್ತದೆ.

ಊರಿಗೆ ಮೇಲೊಂದು ಕೆರೆ, ಕೆಳಗೊಂದು ಹೊಳೆ. ಕೆರೆ ತುಂಬಿ ಬಂದಾಗ ಗೇಟು ಎತ್ತಿ ನೀರನ್ನು ಹೊಳೆಗೆ ಬಿಡಬೇಕು. ಹೊಳೆಯೊಳಗೆ ಬಟ್ಟೆ ಒಗೆಯುವ ಬಂಡೆಗಳಿವೆ. ಅಲ್ಲಿ ದಿನವಿಡೀ ಹೆಂಗಸರು, ಎಮ್ಮೆ ತೊಳೆಯುವವರು ಯಾರಾದರೊಬ್ಬರು ಇದ್ದೇ ಇರುತ್ತಾರೆ. ನೀರು ಬರುವ ಮೊದಲು ಅವರು ಮೇಲೆ ಹತ್ತಬೇಕು. ಬೇರೆ ಊರಾಗಿದ್ದರೆ ಹೊಳೆದಂಡೆಯಲ್ಲಿ ಸೈರನ್ನಿನಂಥ ಒಂದು ಭೋಂಗಾ ನಿಲ್ಲಿಸಿ ಊದಿದರೆ ಕೆಲಸ ಮುಗಿಯುತ್ತಿತ್ತು. ನಮ್ಮಲ್ಲಿ ಹೊಳೆದಂಡೆಯಲ್ಲಿ ಊದಿದ್ದು ಸಂತೆ ಬಯಲಿನಲ್ಲಿ ಕೇಳಿ, ಬದನೆಕಾಯಿ ಮಾರುವವರು ಬುಟ್ಟಿ ಹೊತ್ತು ಓಡುತ್ತಾರೆ. ಅದಕ್ಕೆಂದೇ ಹಿರಿಯರು ಗಿರಣಿಯ ಮೇಲೆ, ಶಾಲೆಯ ಮೇಲೆ, ಕುಂಬಾರ ಓಣಿಯಲ್ಲಿ ಮತ್ತು ಸುಂಕದಕಟ್ಟೆಯಲ್ಲಿ ಒಂದೊಂದು ಭೋಂಗಾ ಇಟ್ಟು, ಎಲ್ಲದರ ತಂತಿಯನ್ನು ಹಳೆಯ ಬುರುಜಿನ ಮೇಲಕ್ಕೆ ಎಳೆದಿದ್ದರು. ಯಾವ ಗಾಳಿಗೆ ಯಾವ ಭೋಂಗಾ ಊದಿದರೆ ದನಿ ಹೊಳೆಯಲ್ಲಿ ಇಳಿಯುತ್ತದೆ ಎಂದು ನೋಡಿ ಅದರ ಸ್ವಿಚ್ ಒತ್ತುವವಳು ಸಂಕವ್ವ.

ಸಂಕವ್ವ ನನಗೆ ಚಿಗವ್ವ, ಅವ್ವನ ಕಡೆಯ ತಂಗಿ. ಎತ್ತರದ ಹೆಂಗಸು, ಬುರುಜಿನ ಮೆಟ್ಟಿಲನ್ನು ಈಗಲೂ ಎರಡೆರಡಾಗಿ ಹತ್ತುತ್ತಿದ್ದಳು. ಮುಂಗೈಗೆ ನೀರು ಸವರಿಕೊಂಡು ಒಂದು ಗಳಿಗೆ ನಿಂತಳೆಂದರೆ, ಗಾಳಿ ಪಡುವಣದ್ದೋ, ಪಡುವಣದಿಂದ ತೆಂಕಣಕ್ಕೆ ಹೊರಳುತ್ತಿರುವುದೋ ಹೇಳಿಬಿಡುತ್ತಿದ್ದಳು. ಎರಡು ಗಾಳಿಗಳ ನಡುವಿನ ಆ ಹೊರಳು ಯಾರಿಗೂ ಹಿಡಿಯಲು ಬರುತ್ತಿರಲಿಲ್ಲ. ಕೆರೆಯ ಕಮಿಟಿಯವರು ಇಬ್ಬರು ಮೂವರನ್ನು ಅವಳ ಕೈಕೆಳಗೆ ಬಿಟ್ಟು ನೋಡಿದ್ದರು. ಒಬ್ಬ ಊದಿದ್ದು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಕೇಳಿ, ಅಲ್ಲಿ ಆಗ ಹುಟ್ಟಿದ ಕೂಸಿಗೆ ಇವತ್ತಿಗೂ ಭೋಂಗಣ್ಣ ಎಂದೇ ಹೆಸರು. ಹೀಗಾಗಿ ಚಿಗವ್ವ ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ಹಿಂದೆ ಬಂದ ವರಗಳೆಲ್ಲ ಬುರುಜಿನ ಕೆಳಗೆ ನಿಂತು ತಲೆ ಎತ್ತಿ ನೋಡಿ ಹಾಗೇ ತಿರುಗಿ ಹೋಗಿದ್ದರು.

ವಿರೂಪಣ್ಣ ಹಾಗೆ ತಿರುಗಿ ಹೋಗಲಿಲ್ಲ. ಅವರು ಬೇರೆ ಊರಿನ ಮೆಣಸಿನಕಾಯಿ ಪೇಟೆಯಲ್ಲಿ ಹರಾಜು ಕೂಗುವವರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಯಾವುದೋ ಕೆಲಸಕ್ಕೆ ನಮ್ಮೂರಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿದವರೇ ಆಟೋದವನನ್ನು ಕೂಗಿದರು. ಆ ದನಿ ನೇರವಾಗಿ ಬುರುಜಿನ ಮೇಲೆ, ಚಿಗವ್ವನ ಕಿವಿಯ ಬುಡದಲ್ಲಿ ಬಿತ್ತು. ಅವಳು ಗಾಳಿ ನೋಡಿ, ಕೂಗಿದವರು ಎಲ್ಲಿರಬೇಕೆಂದು ಲೆಕ್ಕ ಹಾಕಿ, ಇಳಿದು ಹೋಗಿ, "ಇಲ್ಲಿ ಹಿಂಗ ಒದರಬಾರ್ದ್ರಿ" ಎಂದು ಹೇಳಿದಳು. "ಹಂಗಾರ ಹ್ಯಾಂಗ ಮಾತಾಡ್ಬೇಕು, ಕಲಿಸಿಕೊಡ್ರಿ" ಎಂದರಂತೆ ಅವರು. ಕಲಿಸಲು ಒಂದು ವರ್ಷ ಹಿಡಿಯಿತು, ಅವರು ಮಾತ್ರ ಕಲಿಯಲೇ ಇಲ್ಲ. ಅವರ ಸಹಜ ಮಾತೇ ನಮ್ಮೂರಿನ ಕೂಗಿನ ಮಟ್ಟಕ್ಕೆ ತಾಗುತ್ತಿತ್ತು. ಎದುರಿಗೆ ಕೂತು ಚಹಾ ಚೆನ್ನಾಗಿದೆ ಎಂದರೆ ಅದು ಬೇರಾರದೋ ಅಡುಗೆಮನೆಯಲ್ಲಿ ಕೇಳುತ್ತಿತ್ತು. "ನಾ ಇಲ್ಲಿಗೆ ಬಂದು ಇದ್ರ ನಿಮ್ಮೂರಾಗ ಒಬ್ರಿಗೂ ನೆಮ್ಮದಿ ಇರೂದಿಲ್ಲ. ನೀನ ಬಾ" ಎಂದರು. ಚಿಗವ್ವ ಬರುತ್ತೇನೆ ಎಂದಳು. ಐವತ್ತು ದಾಟಿದ ಮೇಲೆ ಅವಳ ಮದುವೆ ಗೊತ್ತಾಯಿತು.

ಊರಿಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಕಮಿಟಿಯವರು ನನ್ನ ಅಂಗಡಿಗೆ ಬಂದರು. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು ಬಂದು ಮಿಕ್ಸರು, ಫ್ಯಾನು, ಪಂಪುಸೆಟ್ಟು ರಿಪೇರಿ ಮಾಡಿಕೊಂಡಿರುವವಳು; ಹೆಸರು ನೀಲಗಂಗಾ, ಎಲ್ಲರೂ ನೀಲಾ ಎನ್ನುತ್ತಾರೆ. "ಗಾಳಿ ನೋಡಿ ತಾನ ಭೋಂಗಾ ಊದುವಂಥಾದೊಂದು ಡಬ್ಬಿ ಮಾಡಾಕ ಆಗ್ತೈತೇನವಾ" ಎಂದು ಕೇಳಿದರು. ಆಗುತ್ತದೆ ಎಂದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡು, ಅದರ ಮೇಲೊಂದು ಚಿಪ್ಪು, ಗಾಳಿಯ ದಿಕ್ಕು ತಿಳಿಸುವ ಒಂದು ಸೆನ್ಸರು, ಭೋಂಗಾಗಳ ಸ್ವಿಚ್ ತಾನಾಗಿ ಒತ್ತಲು ಒಂದೊಂದು ರಿಲೇ. ಚಿಪ್ಪಿಗೆ ಏನು ಮಾಡಬೇಕೆಂದು ಹೇಳುವ ಪ್ರೋಗ್ರಾಮು ಬರೆದು ಒಳಗೆ ಇಳಿಸಿದರಾಯಿತು. ಹೇಳುವಾಗ ಇದೆಲ್ಲ ಸುಲಭವಾಗಿಯೇ ಇತ್ತು. ಕೆರೆಯ ಗೇಟಿಗೆ ಹೊಸದಾಗಿ ಬಂದಿದ್ದ ಎಂಜಿನಿಯರ್ ಪ್ರದ್ಯುಮ್ನ ತಾವೂ ಕೈಜೋಡಿಸುವುದಾಗಿ ಹೇಳಿದರು. ಕೆಳಗಿನ ಸೀಮೆಯ ಹುಡುಗ. ನಮ್ಮೂರಿಗೆ ಬಂದು ತಿಂಗಳೂ ಆಗಿರಲಿಲ್ಲ, ಕೂಗು ಕೇಳಿದಾಗಲೆಲ್ಲ ಕುತ್ತಿಗೆ ಹೊರಳಿಸಿ ಹೊರಳಿಸಿ ನೋವು ಮಾಡಿಕೊಂಡಿದ್ದರು.

ಕೆಲಸ ಹಂಚಿಕೊಂಡೆವು. ಯಾವ ಗಾಳಿಗೆ ಯಾವ ಭೋಂಗಾ ಎನ್ನುವ ಭಾಗ ನನ್ನದು. ಚಿಗವ್ವ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳುತ್ತ ಹೋದಳು, ನಾನು ಕಂಪ್ಯೂಟರಿನಲ್ಲಿ ಬರೆಯುತ್ತ ಹೋದೆ. ಗಾಳಿಗಳ ಬಗ್ಗೆ ಅವಳು ಮಾತಾಡುತ್ತಿದ್ದುದು ನೆಂಟರ ಬಗ್ಗೆ ಮಾತಾಡಿದ ಹಾಗೆ. "ಪಡುವಣದ್ದು ಪಾಪದ್ದು, ಹೇಳಿದಂಗ ಕೇಳ್ತೈತಿ. ಬಡಗಣದ್ದರ ಮ್ಯಾಲ ಮಾತ್ರ ಕಣ್ಣಿಡು. ಬಂದಂಗ ಮಾಡಿ ಹೊಳ್ಳತೈತಿ." ಅದೆಲ್ಲವನ್ನೂ ದಿಕ್ಕಿನ ಅಂಕಿಗಳಾಗಿ ಬದಲಿಸಿ, ಗಾಳಿ ಎಂಬ ಹೆಸರಿನ ಒಂದು ಫೈಲಿನಲ್ಲಿ ಹಾಕಿದೆ. ಭೋಂಗಾ ಎಷ್ಟು ಹೊತ್ತು ಊದಬೇಕು, ನಡುವೆ ಎಷ್ಟು ತಡೆಯಬೇಕು, ಗೇಟಿನ ಮೋಟರನ್ನು ಯಾವಾಗ ಬಿಡಬೇಕು ಎನ್ನುವುದನ್ನು ಪ್ರದ್ಯುಮ್ನ ಬರೆದುಕೊಂಡು ಬಂದರು. ಸೆನ್ಸರಿನಿಂದ ಗಾಳಿಯನ್ನು ಓದುವುದಕ್ಕೆ ಸೆನ್ಸರ್ ಕಂಪನಿಯವರೇ ಬರೆದು ಕೊಟ್ಟ ಸಿದ್ಧ ಫೈಲು ಇತ್ತು. ಅಂಥದ್ದಕ್ಕೆ ಲೈಬ್ರರಿ ಎನ್ನುತ್ತಾರೆ. ಮೂರನ್ನೂ ಒಂದು ಕಡೆ ಸೇರಿಸಿ ಬಿಲ್ಡ್ ಗುಂಡಿ ಒತ್ತಿದೆವು. ನಾವು ಬರೆದದ್ದನ್ನೆಲ್ಲ ಕಂಪ್ಯೂಟರು ಓದಿ ನೋಡಿ, ಚಿಪ್ಪಿಗೆ ತಿಳಿಯುವಂತೆ ಕಟ್ಟಿ ಕೊಡುವ ಕೆಲಸ ಅದು.

ಕಟ್ಟಿ ಕೊಡಲಿಲ್ಲ. ಪರದೆಯ ತುಂಬ ಕೆಂಪಕ್ಷರ ಸುರಿಯಿತು. ಗುರುತಿಲ್ಲದ ಹೆಸರು ಎಂದು ಒಂದು ಸಾಲು, ಇಲ್ಲಿ ಏನೋ ಇರಬೇಕಿತ್ತು ಎಂದು ಇನ್ನೊಂದು, ಈ ಮಾತಿಗೆ ಅರ್ಥವಿಲ್ಲ ಎಂದು ಮತ್ತೊಂದು. ಮೇಲಿನವು ಸರಿದು ಹೋಗಿ ಕಣ್ಣಮುಂದೆ ಕೊನೆಯ ಸಾಲುಗಳಷ್ಟೇ ಉಳಿದವು. ನಾವು ಆ ಕೊನೆಯದರಿಂದಲೇ ರಿಪೇರಿ ಶುರು ಮಾಡಿದೆವು. ಗುರುತಿಲ್ಲ ಎಂದ ಹೆಸರಿಗೆ ಗುರುತು ಮಾಡಿಕೊಟ್ಟೆವು. ಇರಬೇಕಿತ್ತು ಎಂದ ಕಡೆ ಅದನ್ನು ಇಟ್ಟೆವು. ಪ್ರತಿ ಸಲ ಒತ್ತಿದಾಗಲೂ ಎರರುಗಳು ಹೆಚ್ಚಾದವು. ಆ ಸಂಜೆ ಮನೆಗೆ ಹೋಗುವಾಗ ನಾವು ಕಟ್ಟಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚಾಗಿತ್ತು.

ಮರುದಿನ ಪ್ರದ್ಯುಮ್ನ ಕಾಲೇಜಿನ ಗೆಳೆಯನೊಬ್ಬನಿಗೆ ಫೋನು ಮಾಡಿ ಕೇಳಿಕೊಂಡು ಬಂದಿದ್ದರು. "ನೀಲಕ್ಕ, ಕೊನೇದನ್ನ ನೋಡಬಾರದಂತೆ. ಮೊದಲನೇ ಎರರ್ ಒಂದೇ ನಿಜವಾದದ್ದು, ಉಳಿದವೆಲ್ಲ ಅದರ ಹಿಂದೆ ಬಂದ ಮೆರವಣಿಗೆಯಂತೆ." ಹಿಂದಿನ ದಿನ ಮಾಡಿದ್ದನ್ನೆಲ್ಲ ಅಳಿಸಿ, ಮತ್ತೆ ಒತ್ತಿ, ಪರದೆಯನ್ನು ಮೇಲಕ್ಕೆ ಸರಿಸಿ ಸರಿಸಿ ಮೊದಲ ಸಾಲಿಗೆ ಹೋದೆವು. ಅದು ನನ್ನ ಫೈಲನ್ನೂ ತೋರಿಸುತ್ತಿರಲಿಲ್ಲ, ಅವರ ಫೈಲನ್ನೂ ತೋರಿಸುತ್ತಿರಲಿಲ್ಲ. ಸೆನ್ಸರ್ ಕಂಪನಿಯ ಲೈಬ್ರರಿಯನ್ನು, ಅದರ ಮೊಟ್ಟಮೊದಲ ಮಾತನ್ನೇ ಬೆಟ್ಟುಮಾಡಿ ತಪ್ಪು ಎನ್ನುತ್ತಿತ್ತು.

"ಹಂಗಾರ ತಪ್ಪು ನಮ್ದಲ್ಲ" ಎಂದೆ ನಾನು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಹಗುರಾದದ್ದು ಸ್ವಲ್ಪ ಹೊತ್ತಷ್ಟೇ. ಲೈಬ್ರರಿಯನ್ನು ಅಳಿಸಿ ಇನ್ನೊಮ್ಮೆ ಡೌನ್‌ಲೋಡ್ ಮಾಡಿದೆವು, ಅದೇ ಎರರು. ಹಳೆಯ ಆವೃತ್ತಿ ಹುಡುಕಿ ಹಾಕಿದೆವು, ಅದೇ ಎರರು. ಬೋರ್ಡಿನ ಹೆಸರು ತಪ್ಪಾಗಿ ಆರಿಸಿದ್ದೇವೇನೋ ಎಂದು ಬದಲಿಸಿದಾಗ ಅದರ ಜೊತೆಗೆ ಹೊಸ ಎರರುಗಳು ಬಂದವು, ಮೊದಲಿನಂತೆ ಮಾಡಿದೆವು. ಕೊನೆಗೆ ಪ್ರದ್ಯುಮ್ನ ಏನೂ ಇಲ್ಲದ ಒಂದು ಖಾಲಿ ಪ್ರೋಗ್ರಾಮು ತೆರೆದು ಅದರಲ್ಲಿ ಲೈಬ್ರರಿಯನ್ನು ಮಾತ್ರ ಹಾಕಿ ಒತ್ತಿದರು. ಒಂದು ಕೆಂಪಕ್ಷರವೂ ಇಲ್ಲದೆ ಕಟ್ಟಿಕೊಂಡಿತು. ಲೈಬ್ರರಿಯಲ್ಲಿ ಏನೂ ತಪ್ಪಿರಲಿಲ್ಲ. ನಮ್ಮ ಮನೆಗೆ ಬಂದರೆ ಮಾತ್ರ ಅದಕ್ಕೆ ಜ್ವರ ಬರುತ್ತಿತ್ತು.

ಮೇಲಿನ ಸೀಮೆಯಲ್ಲಿ ಮಳೆ ಹಿಡಿದಿತ್ತು. ಕೆರೆಯ ನೀರು ದಿನಕ್ಕೊಂದು ಮೆಟ್ಟಿಲು ಏರುತ್ತಿತ್ತು. ಬುಧವಾರ ಗೇಟು ಎತ್ತಲೇಬೇಕು ಎಂದು ಪ್ರದ್ಯುಮ್ನನ ಮೇಲಿನವರು ಹೇಳಿದ್ದರು. ಮದುವೆ ಸೋಮವಾರ. ಶುಕ್ರವಾರ ಮಧ್ಯಾಹ್ನ ಚಿಗವ್ವ ಅಂಗಡಿಗೆ ಬಂದಳು. ಪರದೆಯನ್ನು ನೋಡಿ, "ಇನ್ನೂ ಕೆಂಪ ಐತಲ್ಲ" ಎಂದಳು. ಅವಳು ಚೀಲದಿಂದ ಹೊಸ ಸೀರೆ ತೆಗೆದು ತೋರಿಸಿದಳು, ಅಂಚಿನ ಬಣ್ಣ ಹೆಚ್ಚಾಯಿತೇ ಎಂದು ಕೇಳಿದಳು, ಇಲ್ಲ ಎಂದೆ. ಸೀರೆಯನ್ನು ಮತ್ತೆ ಮಡಚುತ್ತ, "ನೀ ಭಾಳ ಹಚ್ಚಿಕೋಬ್ಯಾಡ. ಆಗಲಿಲ್ಲ ಅಂದ್ರ ಅವ್ರಿಗೆ ಹೇಳ್ತೀನಿ. ಮದುವಿ ಮುಂದಿನ ವರ್ಷಾ ಆಗ್ತೈತಿ. ನೀರು ಹಂಗ ಕಾಯೂದಿಲ್ಲಲಾ" ಎಂದಳು.

"ಮುಂದಿನ ವರ್ಷಾನೂ ನೀರು ಬರ್ತೈತಲ್ಲ ಚಿಗವ್ವ."

"ಬರ್ತೈತಿ" ಎಂದಳು ಅವಳು, ಸೀರೆಯ ಮಡಿಕೆ ಸರಿ ಮಾಡುತ್ತ. ಹೋಗುವಾಗ ಅಂಗಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು. ಅದನ್ನು ನೋಡಿ ನನಗೆ ಆ ದಿನದ ಊಟ ರುಚಿಸಲಿಲ್ಲ.

ಶನಿವಾರ ನಾನೂ ಪ್ರದ್ಯುಮ್ನನೂ ಬೆಳಗಿನಿಂದಲೇ ಕೂತೆವು. ಬೇರೆ ದಾರಿ ಕಾಣದೆ ಲೈಬ್ರರಿಯ ಫೈಲನ್ನೇ ತೆರೆದು, ನಮಗೆ ಅರ್ಥವಾಗದ ಅದರ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದೆವು. ಅಷ್ಟರಲ್ಲಿ ನನ್ನ ಹಿಂದೆ, ರಿಪೇರಿಗೆ ಬಂದ ಮಿಕ್ಸರುಗಳನ್ನಿಟ್ಟ ಕಪಾಟಿನೊಳಗಿನಿಂದ, ಒಂದು ದನಿ ಸಿಡಿಲಿನಂತೆ ಎರಗಿತು. "ಸಂಕವ್ವಾ, ಬಂದೆ ನಾ. ಚಹಾಕ್ಕ ಇಡು."

ಪ್ರದ್ಯುಮ್ನ ಕುರ್ಚಿಯಿಂದ ಎದ್ದವರು ಕಪಾಟಿನ ಹತ್ತಿರ ಓಡಿ, ಒಂದು ಮಿಕ್ಸರನ್ನು ಎತ್ತಿ ಅದರ ಹಿಂದೆ ಇಣುಕಿದರು. ಆಮೇಲೆ ಇನ್ನೊಂದನ್ನು ಎತ್ತಿದರು. ನನಗೆ ನಗು ತಡೆಯಲಿಲ್ಲ.

"ಅಲ್ಲಿ ಏನು ಹುಡುಕ್ತೀರಿ ಸಾಹೇಬ್ರ, ವಿರೂಪಣ್ಣಾರು ಬಸ್‌ಸ್ಟ್ಯಾಂಡಿನಾಗ ಅದಾರ. ಕೇಳಿದ ಕಡೆ ಇರ್ತಾರೇನು ಒದರಿದವ್ರು?"

ಹೇಳಿ ಮುಗಿಸಿದವಳು ಹಾಗೇ ಬಾಯಿ ತೆರೆದುಕೊಂಡು ನಿಂತೆ. ಪ್ರದ್ಯುಮ್ನ ಕೈಯಲ್ಲಿ ಮಿಕ್ಸರಿನ ಜಾರು ಹಿಡಿದು ನನ್ನ ಮುಖ ನೋಡಿದರು. ನಾನು ಪರದೆಯ ಕಡೆ ನೋಡಿದೆ. ಹುಟ್ಟಿದಾಗಿನಿಂದ ಈ ಊರಿನಲ್ಲಿ ಬೆಳೆದವಳು, ಕೂಗು ಕೇಳಿದ ತಕ್ಷಣ ಕಾಲು ತಾನಾಗಿಯೇ ಬೇರೆ ಕಡೆ ತಿರುಗುವವಳು, ನಾಲ್ಕು ದಿನಗಳಿಂದ ಮಿಕ್ಸರಿನ ಹಿಂದೆ ಇಣುಕುತ್ತಿದ್ದೆ.

"ಸಾಹೇಬ್ರ, ಲೈಬ್ರರಿಗಿಂತ ಮೊದಲ ಕಂಪ್ಯೂಟರ್ ಏನು ಓದ್ತೈತಿ?"

ಅವರು ಬಂದು ನೋಡಿದರು. "ನಿಮ್ಮ ಗಾಳಿ ಫೈಲು. ಅದು ಮುಗಿದ ಮೇಲೆ ಲೈಬ್ರರಿ."

"ಅದು ಮುಗದೈತೋ ಇಲ್ಲೋ ನೋಡೂಣು."

ಗಾಳಿ ಫೈಲು ತೆರೆದು ಕೊನೆಗೆ ಹೋದೆವು. ಚಿಗವ್ವ ಹೇಳಿದ ಗಾಳಿಗಳೆಲ್ಲ ಸಾಲಾಗಿ ಇದ್ದವು, ಕೊನೆಯ ಆವರಣವೂ ಮುಚ್ಚಿತ್ತು. ಮುಚ್ಚಿದ ಮೇಲೆ ಒಂದು ಅರ್ಧವಿರಾಮ ಇರಬೇಕಿತ್ತು. ನಾವು ಬರೆಯುವಾಗ ವಾಕ್ಯದ ಕೊನೆಗೆ ಚುಕ್ಕೆ ಇಡುವ ಹಾಗೆ, ಅಲ್ಲಿ ಮಾತು ಮುಗಿಯಿತು ಎಂದು ತಿಳಿಸುವ ಗುರುತು ಅದು. ಅದು ಇರಲಿಲ್ಲ. ನನ್ನ ಮಾತು ಮುಗಿಯದೆ ನಿಂತಿತ್ತು. ಕಂಪ್ಯೂಟರು ಇನ್ನೇನೋ ಹೇಳುತ್ತಾಳೆಂದು ಕಾಯುತ್ತ ಮುಂದಿನ ಮನೆಯೊಳಗೆ, ಅಂದರೆ ಲೈಬ್ರರಿಯೊಳಗೆ ನಡೆದು, ಹೊಸ್ತಿಲಲ್ಲೇ ಎಡವಿ, ಎಡವಿದ ಕಡೆ ಒದರಿತ್ತು. ಅರ್ಧವಿರಾಮ ಇಟ್ಟು ಗುಂಡಿ ಒತ್ತಿದೆ. ಮೆರವಣಿಗೆ ಪೂರ್ತಿ ಮಾಯವಾಯಿತು.

ಕೆಳಗೆ ಒಂದೇ ಒಂದು ಕೆಂಪು ಸಾಲು ಉಳಿದಿತ್ತು. ಕೊಂಬು ಎಂಬ ಹೆಸರಿನದು ಎರಡು ಕಡೆ ಹುಟ್ಟಿದೆ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಅದು ಕೇಳುತ್ತಿತ್ತು. ಭೋಂಗಾಕ್ಕೆ ನಾನೂ ಕೊಂಬು ಎಂದೇ ಹೆಸರಿಟ್ಟಿದ್ದೆ, ಪ್ರದ್ಯುಮ್ನನೂ ಅದನ್ನೇ ಇಟ್ಟಿದ್ದರು. ಈ ಸಲ ಇಬ್ಬರೂ ಆ ಸಾಲು ತೋರಿಸಿದ ಕಡೆ ನೋಡದೆ, ಹೆಸರು ಎಲ್ಲೆಲ್ಲಿ ಹುಟ್ಟಿದೆ ಎಂದು ಅವರು ಅವರ ಫೈಲಿನಲ್ಲಿ, ನಾನು ನನ್ನ ಫೈಲಿನಲ್ಲಿ ಹುಡುಕಿದೆವು. "ನಿಮ್ದನ್ನೇ ಇಟ್ಕೊಳ್ಳಿ ನೀಲಕ್ಕ, ಊರು ನಿಮ್ದು" ಎಂದು ಅವರು ತಮ್ಮದನ್ನು ಅಳಿಸಿದರು. ನಾನು ಆಗಲೇ ನನ್ನದನ್ನು ಅಳಿಸಿಬಿಟ್ಟಿದ್ದೆ. ಒತ್ತಿದರೆ, ಕೊಂಬು ಎಂಬುದು ಎಲ್ಲಿಯೂ ಇಲ್ಲ ಎಂದಿತು. ಇಬ್ಬರೂ ನಕ್ಕು, ಮತ್ತೆ ಒಂದು ಕಡೆ ಬರೆದೆವು. ಬಿಲ್ಡ್ ಆಯಿತು ಎಂದು ಪರದೆ ಬಿಳಿಯ ಅಕ್ಷರದಲ್ಲಿ ಹೇಳಿತು. ಅಷ್ಟು ಸಣ್ಣ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಬೋರ್ಡಿಗೆ ಇಳಿಸಲು ಹೋದರೆ ಬೋರ್ಡೇ ಕಾಣುತ್ತಿಲ್ಲ ಎಂದಿತು. ಆ ಹೊತ್ತಿಗೆ ಪ್ರದ್ಯುಮ್ನ ಪಳಗಿಬಿಟ್ಟಿದ್ದರು. "ಬೋರ್ಡು ಕಾಣ್ತಿಲ್ಲ ಅಂದ್ರೆ ಬೋರ್ಡು ಸರಿ ಇದೆ ಅಂತ ಅರ್ಥ" ಎನ್ನುತ್ತ ಎಲ್ಲ ಕಡೆ ಹುಡುಕಿ, ಕೊನೆಗೆ ಕೇಬಲ್ಲನ್ನು ಹಿಡಿದು ಎತ್ತಿದರು. ಅದು ಮೊಬೈಲು ಚಾರ್ಜು ಮಾಡುವ ಅಗ್ಗದ ಕೇಬಲ್ಲು. ಅದರಲ್ಲಿ ಕರೆಂಟು ಹರಿಯುತ್ತಿತ್ತು, ಮಾತು ಹರಿಯುತ್ತಿರಲಿಲ್ಲ. ಬೇರೆ ಕೇಬಲ್ಲು ಹಾಕಿದೆವು. ಬೋರ್ಡಿನ ಸಣ್ಣ ದೀಪ ಕಣ್ಣು ಮಿಟುಕಿಸಿತು.

ಅಷ್ಟರಲ್ಲಿ ವಿರೂಪಣ್ಣ ಚಿಗವ್ವನ ಜೊತೆ ಅಂಗಡಿಗೆ ಬಂದರು. ಅವರ ಒದರಾಟ ನಮ್ಮಲ್ಲಿ ಬಿದ್ದಿತ್ತೆಂದು ಗಾಳಿ ನೋಡಿ ತಿಳಿದಿದ್ದ ಚಿಗವ್ವ, ಕ್ಷಮೆ ಕೇಳಿಸಲೆಂದು ಕರೆದುಕೊಂಡು ಬಂದಿದ್ದಳು. ಅವರು ದನಿ ತಗ್ಗಿಸಲು ಕುತ್ತಿಗೆಯ ನರ ಉಬ್ಬಿಸಿಕೊಂಡು, "ತಪ್ಪಾತ್ರಿ, ನಿಮ್ಮ ಕೆಲಸ ಕೆಡಿಸಿದೆ" ಎಂದರು.

"ಕೆಡಿಸಲಿಲ್ಲ ಮಾಮಾರ. ನೀವು ಒದರಿದ್ದಕ್ಕ ಆತು" ಎಂದೆ.

ಅವರಿಗೆ ಏನೂ ತಿಳಿಯಲಿಲ್ಲ. ಆದರೆ ಒದರಿದ್ದಕ್ಕೆ ಈ ಊರಿನಲ್ಲಿ ಮೊದಲ ಸಲ ಹೊಗಳಿಕೆ ಸಿಕ್ಕಿದ್ದರಿಂದ ಹಿಗ್ಗಿದರು. ಪ್ರದ್ಯುಮ್ನ ಎಲ್ಲವನ್ನೂ ಬಿಡಿಸಿ ಹೇಳಿದಾಗ ವಿರೂಪಣ್ಣ ಸಂತೋಷದಿಂದ ಏನೋ ಅಂದರು. ಅವರ ತುಟಿ ಅಲ್ಲಾಡಿದ್ದು ಕಾಣಿಸಿತು. ಮಾತು ನಮಗೆ ಕೇಳಲಿಲ್ಲ. ಏನಂದರೆಂಬುದು ಸಂಜೆ ಬ್ಯಾಂಕಿನ ಕ್ಯಾಶಿಯರು ಮನೆಗೆ ಹೋಗುವ ದಾರಿಯಲ್ಲಿ ಬಂದು ಹೇಳಿದ ಮೇಲೆ ತಿಳಿಯಿತು.

ಭಾನುವಾರ ಡಬ್ಬಿಯನ್ನು ಬುರುಜಿನ ಮೇಲೆ ಕೂರಿಸಿದೆವು. ಚಿಗವ್ವ ಮುಂಗೈ ಒದ್ದೆ ಮಾಡಿಕೊಂಡು ಅದರ ಪಕ್ಕ ನಿಂತಳು. ಯಾವ ಭೋಂಗಾ ಎಂದು ಮೊದಲು ಅವಳು ಹೇಳುವುದು, ಆಮೇಲೆ ಡಬ್ಬಿಯಲ್ಲಿ ಯಾವ ಭೋಂಗಾದ ದೀಪ ಹತ್ತಿದೆ ಎಂದು ನಾನು ನೋಡುವುದು. ಗಾಳಿ ಆ ದಿನ ನಮಗೆಂದೇ ಬಂದ ಹಾಗೆ ಹೊರಳಿ ಹೊರಳಿ ಬೀಸಿತು. ಬಡಗಣದ್ದು ಬಂದಂತೆ ಮಾಡಿ ಹಿಂತಿರುಗಿದಾಗಲೂ ಡಬ್ಬಿ ಮೋಸ ಹೋಗಲಿಲ್ಲ. ಒಂದು ಸಲ ಮಾತ್ರ ಇಬ್ಬರದೂ ಬೇರೆ ಬೇರೆಯಾಯಿತು. ಚಿಗವ್ವ ಕೈಗೆ ಮತ್ತೆ ನೀರು ಸವರಿ, ತಡೆದು, "ಅದು ಹೇಳಿದ್ದ ಖರೆ. ನನ್ನ ಕೈ ಒಣಗಿತ್ತು" ಎಂದಳು. ಆ ಮಾತಿನಲ್ಲಿ ಬೇಸರವಿತ್ತೋ ಹಗುರಾದ ಭಾವವಿತ್ತೋ, ಅವಳ ಮುಖ ನೋಡಿದರೂ ನನಗೆ ತಿಳಿಯಲಿಲ್ಲ. ಇಳಿಯುವ ಮೊದಲು ಸೆರಗಿನಿಂದ ಡಬ್ಬಿಯ ಮೇಲಿನ ಧೂಳು ಒರೆಸಿದಳು.

ಸೋಮವಾರ ಮದುವೆಯಾಯಿತು. ವಾಲಗದ ದನಿ ಪೊಲೀಸ್ ಚೌಕಿಗೆ ಹೋಯಿತು. ಇಬ್ಬರು ಪೇದೆಗಳೂ, ಅವತ್ತು ಒಳಗಿದ್ದ ಒಬ್ಬ ಕೋಳಿ ಕಳ್ಳನೂ ಊಟಕ್ಕೆ ಬಂದು ಹೋಳಿಗೆಯನ್ನು ಹೊಗಳಿದರು. ಚಿಗವ್ವ ಮರುದಿನವೇ ಗಂಡನ ಊರಿಗೆ ಹೊರಡಬೇಕಿತ್ತು. ಅವಳು ಹೊರಡಲಿಲ್ಲ. "ಬುಧವಾರ ಒಂದ ಆಗಿಹೋಗ್ಲಿ" ಎಂದಳು. ವಿರೂಪಣ್ಣ ಟಿಕೀಟು ಬದಲಿಸಿಕೊಂಡು ಬಂದರು.

ಬುಧವಾರ ಮಧ್ಯಾಹ್ನ ಊರಿಗೆ ಊರೇ ಉಸಿರು ಹಿಡಿದಿತ್ತು. ಪ್ರದ್ಯುಮ್ನ ಗೇಟಿನ ಹತ್ತಿರ ಇದ್ದರು. ಯಾವುದಕ್ಕೂ ಇರಲಿ ಎಂದು ಕಮಿಟಿಯವರು ಹೊಳೆಯ ಎರಡೂ ದಂಡೆಗೆ ಜನರನ್ನು ನಿಲ್ಲಿಸಿದ್ದರು. ಚಿಗವ್ವ ಹೊಸ ಬಳೆಗಳ ಸದ್ದು ಮಾಡುತ್ತ ಬುರುಜಿನ ಕಡೆಗೆ ಹೊರಟಿದ್ದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

"ಮ್ಯಾಲ ಹೋಗಿ ಏನು ಮಾಡ್ತಿ ಚಿಗವ್ವ, ಅಲ್ಲಿ ನಿಂತ್ರ ನಿನಗ ಏನು ಕೇಳ್ತೈತಿ? ಕೆಳಗ ಹೋಗೂಣು ಬಾ."

ಅವಳು ಬುರುಜನ್ನು ನೋಡಿದಳು, ನನ್ನನ್ನು ನೋಡಿದಳು. ಆಗ ನನಗೆ ಹೊಳೆಯಿತು: ಇಷ್ಟು ವರ್ಷ ಭೋಂಗಾ ಊದಿದವಳು, ಅದರ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಊದುವಾಗಲೆಲ್ಲ ಅವಳು ಬುರುಜಿನ ಮೇಲಿರುತ್ತಿದ್ದಳು, ದನಿ ಹೊಳೆಯಲ್ಲಿರುತ್ತಿತ್ತು. ಜನ ಬಂಡೆ ಬಿಟ್ಟು ಮೇಲೆ ಹತ್ತುವುದನ್ನು ಇರುವೆಗಳ ಸಾಲಿನಂತೆ ದೂರದಿಂದ ಕಂಡದ್ದಷ್ಟೇ ಅವಳಿಗೆ ಗೊತ್ತು.

ವಿರೂಪಣ್ಣನೂ ಸೇರಿ ನಾವು ಮೂವರೂ ಹೊಳೆಗಿಳಿದೆವು. ಬಂಡೆಗಳ ಮೇಲೆ ಹೆಂಗಸರು ಎಂದಿನಂತೆ ಬಟ್ಟೆ ಒಗೆಯುತ್ತಿದ್ದರು. ಹೊಸ ಮದುಮಗಳನ್ನು ನೋಡಿ ಜಾಗ ಮಾಡಿಕೊಟ್ಟರು, ಸೀರೆಯ ಅಂಚು ಮುಟ್ಟಿ ನೋಡಿದರು. ಅವರಲ್ಲಿ ಹಿರಿಯಳು ಗುರುಸಿದ್ದವ್ವ. ಅವಳು ಕೈಲಿದ್ದ ದುಪ್ಪಟಿಯನ್ನು ಹಿಂಡುತ್ತ ಏನೋ ತಮಾಷೆ ಮಾಡುತ್ತಿದ್ದಳು. ಅಷ್ಟರಲ್ಲಿ ಭೋಂಗಾ ಊದಿತು.

ಅದು ನೀರಿನೊಳಗಿನಿಂದ ಬಂದ ಹಾಗಿತ್ತು, ಬಂಡೆಗಳೊಳಗಿನಿಂದ ಬಂದ ಹಾಗಿತ್ತು. ದಪ್ಪನೆಯ, ಒಡಕು, ಮೂಗಿನಲ್ಲಿ ಹೊರಟ ದನಿ. ಒಂದು ಸಲ ನಿಂತು ಮತ್ತೆ ಊದಿತು. ಹೆಂಗಸರು ಗಡಿಬಿಡಿಯಿಲ್ಲದೆ ಎದ್ದು ಬಟ್ಟೆ ಬಾಚಿಕೊಳ್ಳತೊಡಗಿದರು. ಎಮ್ಮೆಗಳು ತಾವಾಗಿಯೇ ದಂಡೆಯ ಕಡೆ ಹೊರಳಿದವು. ಚಿಗವ್ವ ಮಾತ್ರ ನಿಂತಲ್ಲೇ ನಿಂತಿದ್ದಳು. ದನಿ ಪೂರ್ತಿ ಮುಗಿದ ಮೇಲೆ, "ಇಷ್ಟ ಕೆಟ್ಟ ದನೀನ ಇದು? ಕೋಣ ನೆಗಡಿ ಬಂದು ಒದರಿದಂಗ ಐತಿ. ಇಷ್ಟು ವರ್ಷ ಕೇಳಿಕೋತ ಸುಮ್ನ ಕುಂತಿದ್ರಲ್ಲ, ಒಬ್ರರ ನನಗ ಹೇಳಬಾರ್ದೇನು?" ಎಂದಳು.

ಗುರುಸಿದ್ದವ್ವ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, "ನಮಗ ಅದು ಭೋಂಗಾ ಅಂತ ಎಂದೂ ಅನಿಸಿಲ್ಲವಾ. ಸಂಕವ್ವ ಕರಿಯಾಕತ್ತಾಳ, ಏಳ್ರೆ, ಅಂತಿದ್ವಿ" ಎಂದಳು.

ಚಿಗವ್ವ ಬಗ್ಗಿ, ಬಂಡೆಯ ಮೇಲೆ ಯಾರದೋ ಉಳಿದಿದ್ದ ಒದ್ದೆ ಬಟ್ಟೆಗಳನ್ನು ಎರಡೂ ತೋಳುಗಳಲ್ಲಿ ತಬ್ಬಿ ಎತ್ತಿಕೊಂಡಳು. ಹೊಸ ಸೀರೆಯ ಮುಂಭಾಗ ಪೂರ್ತಿ ತೊಯ್ದು ಹೋಯಿತು. ವಿರೂಪಣ್ಣ ಅವಳಿಂದ ಅರ್ಧ ಇಸಿದುಕೊಂಡರು. ದಂಡೆಯ ಮೆಟ್ಟಿಲನ್ನು ಅವಳು ಎರಡೆರಡಾಗಿ ಹತ್ತಿದಳು. ಅವರು ಏದುಸಿರು ಬಿಡುತ್ತ ಹಿಂದೆ ಹತ್ತಿದರು. ಎಲ್ಲರೂ ಮೇಲೆ ಬಂದು ನಿಂತ ಮೇಲೆ ತಿರುವಿನ ಆಚೆಯಿಂದ ನೀರು ಬಂತು, ಮೊದಲು ಕಸಕಡ್ಡಿಯ ಒಂದು ಗೆರೆ, ಅದರ ಹಿಂದೆ ಕೆಂಪು ಹೊಳೆ, ಮತ್ತು ನಾವು ಆಗಷ್ಟೇ ನಿಂತಿದ್ದ ಬಂಡೆಗಳು ಒಂದೊಂದಾಗಿ ಮುಳುಗಿದವು.